ಹಾಸು, ಹೊಕ್ಕು ಮತ್ತು ಕೊಳ್ಳುವವನ ಹಕ್ಕು

ಮಾರುವವನು ಯಾರು, ಕೊಳ್ಳುವವನು ಯಾರು ಎಂದು ಗೆರೆ ಕೊರೆದು ಹೇಳುವುದು ಬರಿಯ ಪೇಟೆಯ ಊರುಗಳಲ್ಲಿ ಸುಲಭ. ರಬಕವಿ ಬನಹಟ್ಟಿಗಳಂಥ ನೇಕಾರರ ಊರುಗಳಲ್ಲಿ ಅದು ಅಷ್ಟು ಸುಲಭವಲ್ಲ. ಇಲ್ಲಿ ಮಗ್ಗದ ಮುಂದೆ ಕುಳಿತವನು ಸೀರೆಯನ್ನು ಮಾರುವವನು ಹೌದು. ಆದರೆ ಆ ಸೀರೆ ಸೆರಗು ಕಾಣುವ ಮೊದಲೇ ಆತ ಹತ್ತು ಸಲ ಕೊಳ್ಳುವವನಾಗಿರುತ್ತಾನೆ. ನೂಲು ಕೊಳ್ಳಬೇಕು, ಬಣ್ಣ ಕೊಳ್ಳಬೇಕು, ಲಾಳಿ ಕೊಳ್ಳಬೇಕು. ವಿದ್ಯುತ್ ಮಗ್ಗವಾದರೆ ಮೋಟಾರು ಕೊಳ್ಳಬೇಕು, ಆ ಮೋಟಾರು ತಿರುಗಲು ವಿದ್ಯುತ್ತನ್ನೂ ಕೊಳ್ಳಬೇಕು. ಈ ಹತ್ತರಲ್ಲಿ ಒಂದು ಕಡೆ ಮೋಸವಾದರೂ ಅದರ ಭಾರ ಕೊನೆಗೆ ಬಂದು ಬೀಳುವುದು ನೇಯ್ದವನ ಕೂಲಿಯ ಮೇಲೆ. ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಶಾಸನವು ಈ ಮನುಷ್ಯನನ್ನು ಗ್ರಾಹಕನೆಂದು ಗುರುತಿಸಿತೆ, ಗುರುತಿಸಿದ್ದರೆ ಯಾವಾಗ, ಎಷ್ಟರ ಮಟ್ಟಿಗೆ ಎಂಬುದನ್ನು ಇತಿಹಾಸದ ದಾರಿಯಲ್ಲಿ ನೋಡುವುದು ಇಂದಿನ ಮಾತಿನ ಉದ್ದೇಶ.

ಮೊದಲು ಪದದ ವಿಚಾರ. ಕನ್ನಡದ ಮೇಷ್ಟರಾಗಿದ್ದವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ‘ಗ್ರಾಹಕ’ ಎಂದರೆ ಹಿಡಿಯುವವನು, ತೆಗೆದುಕೊಳ್ಳುವವನು. ನಮ್ಮ ಪೇಟೆಯ ‘ಗಿರಾಕಿ’ ಇದೇ ಮನೆತನದ ಮಾತು. ‘ಬಳಕೆದಾರ’ ಎಂಬ ಇನ್ನೊಂದು ಪದ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ. ಕಾಯಿದೆಯ ಅರ್ಥವ್ಯಾಪ್ತಿಗೆ ಈ ಎರಡನೆಯದೇ ಹತ್ತಿರ ಎಂದು ನನ್ನ ಅಭಿಪ್ರಾಯ. ಏಕೆಂದರೆ ಹಣ ಕೊಟ್ಟವನು ಮಾತ್ರವಲ್ಲ, ಹಣ ಕೊಟ್ಟವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವನೂ ಕಾಯಿದೆಯ ಕಣ್ಣಿಗೆ ಗ್ರಾಹಕನೇ. ತಂದೆ ಕೊಂಡು ತಂದ ಸೀರೆಯನ್ನು ಉಟ್ಟ ಮಗಳಿಗೂ ದೂರುವ ಹಕ್ಕುಂಟು. ಇರಲಿ, ಸರಕಾರದ ಬೋರ್ಡುಗಳ ಮೇಲೆ ‘ಗ್ರಾಹಕ’ ನಿಂತುಬಿಟ್ಟಿದೆ, ನಾವೂ ಅದನ್ನೇ ಬಳಸೋಣ.

ಕೊಳ್ಳುವವನಿಗೆ ಮೋಸವಾಗಬಾರದೆಂಬ ಚಿಂತೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ‘ಕಂಟಕಶೋಧನ’ ಎಂಬ ಅಧಿಕರಣದಲ್ಲಿ ಕುಶಲಕರ್ಮಿಗಳಿಂದ ಜನರ ರಕ್ಷಣೆ, ವ್ಯಾಪಾರಿಗಳಿಂದ ಜನರ ರಕ್ಷಣೆ ಎಂದು ಎರಡು ಪ್ರಕರಣಗಳಿವೆ. ಮೊದಲನೆಯದರಲ್ಲಿ ನೇಕಾರನ ಸಂಗತಿ ವಿವರವಾಗಿ ಬರುತ್ತದೆ. ಹತ್ತು ಪಲ ನೂಲು ಕೊಟ್ಟರೆ ನೇಕಾರನು ಹನ್ನೊಂದು ಪಲ ತೂಕದ ಬಟ್ಟೆ ಕೊಡಬೇಕು ಎಂಬುದು ಅಲ್ಲಿಯ ನಿಯಮ. ಹೆಚ್ಚಿನ ಒಂದು ಪಲ ಎಲ್ಲಿಂದ ಬಂತು ಎಂದು ಓದಿದ ಪಂಡಿತರು ಬೆರಗಾಗಬಹುದು. ಹಾಸಿಗೆ ಗಂಜಿ ಹಾಕುವುದನ್ನು ಕಂಡ ನಮ್ಮ ಊರಿನ ಹುಡುಗನು ಬೆರಗಾಗಲಾರ. ಅಳತೆ ಕಡಿಮೆಯಾದರೆ ಕೂಲಿಯಲ್ಲಿ ಕಡಿತ ಮತ್ತು ಕೊರತೆಯ ಎರಡರಷ್ಟು ದಂಡ. ತೂಕ ಕಡಿಮೆಯಾದರೆ ಕೊರತೆಯ ನಾಲ್ಕರಷ್ಟು. ಕೊಟ್ಟ ನೂಲನ್ನೇ ಬದಲಿಸಿಬಿಟ್ಟರೆ ಅದರ ಬೆಲೆಯ ಎರಡರಷ್ಟು. ಎಲ್ಲವೂ ನೂಲು ಕೊಟ್ಟವನ ಪರವಾದ ವಿಧಿಗಳೆಂಬುದನ್ನು ಗಮನಿಸಬೇಕು. ಕೆಟ್ಟ ನೂಲು ಸಿಕ್ಕ ನೇಕಾರನ ಗತಿಯೇನೆಂಬ ಪ್ರಶ್ನೆಯನ್ನು ಈ ವಿಧಿಗಳು ಎತ್ತುವುದಿಲ್ಲ.

ನಮ್ಮ ಜಿಲ್ಲೆಯದೇ ಆದ ಐಹೊಳೆಯ ಹೆಸರಿನಲ್ಲಿ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿದ ಅಯ್ಯಾವೊಳೆ ಐನೂರ್ವರು ತಮ್ಮ ಕಟ್ಟುಪಾಡನ್ನು ‘ಬಣಂಜು ಧರ್ಮ’ವೆಂದು ಕರೆದುಕೊಂಡರು. ಅದು ವರ್ತಕರು ತಮಗೆ ತಾವೇ ಹಾಕಿಕೊಂಡ ಕಟ್ಟು. ಕೊಳ್ಳುವವನು ಅದರಲ್ಲಿ ಪಕ್ಷಗಾರನಲ್ಲ.

ಇನ್ನು ಅಳತೆಯ ವಿಷಯ. ‘ಹದಿನೆಂಟು ಮೊಳದ ಸೀರೆ’ ಎಂಬ ಮಾತು ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಈಗಲೂ ಉಳಿದಿದೆ. ಎರಡು ಮೊಳಕ್ಕೆ ಒಂದು ವಾರವೆಂದರೆ ಅದು ಒಂಬತ್ತು ವಾರದ ಸೀರೆ. ಆದರೆ ಯಾರ ಮೊಳ? ಮಾರುವವನ ಮೊಳಕೈ ಗಿಡ್ಡವಾಗಿದ್ದರೆ ಸೀರೆಯೂ ಗಿಡ್ಡ. ಸ್ವಾತಂತ್ರ್ಯದ ಹೊತ್ತಿಗೆ ಈ ಭಾಗದ ಆಡಳಿತವೇ ಹಂಚಿಹೋಗಿತ್ತು: ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಕೂಗಳತೆಯ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದೇ ವರ್ಷ ಪಾರ್ಲಿಮೆಂಟು ತೂಕ ಮತ್ತು ಅಳತೆಗಳ ಪ್ರಮಾಣಕ ಕಾಯಿದೆಯನ್ನು ಮಾಡಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೀಟರು, ಕಿಲೋಗ್ರಾಮುಗಳು ದೇಶಕ್ಕೆಲ್ಲ ಒಂದೇ ಆದವು. ಈ ಕೆಲಸವನ್ನು ಈಗ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ನಡೆಸುತ್ತಿದೆ.

ಅಳತೆ ಸರಿಯಾದರೆ ಸಾಕೆ? ಗುಣ? ಅಲ್ಲಿ ಇಂಗ್ಲಿಷರಿಂದ ಬಂದ ಒಂದು ಹಳೆಯ ಸೂತ್ರ ನಮ್ಮ ತಲೆಯ ಮೇಲೆ ಕೂತಿತ್ತು: ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದು ಎಂಬುದು. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಆ ಸೂತ್ರವನ್ನು ಇಟ್ಟುಕೊಂಡೇ ಅದಕ್ಕೆ ಅಪವಾದಗಳನ್ನು ಹೇಳಿತು. ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ ಸರಕು ಆ ಕೆಲಸಕ್ಕೆ ಒದಗುವಂತಿರಬೇಕು. 17ನೆಯ ಕಲಮಿನಂತೆ ಮಾದರಿ ತೋರಿಸಿ ಮಾರಿದ್ದರೆ ಉಳಿದ ಸರಕೂ ಮಾದರಿಯಂತಿರಬೇಕು. ಒಳ್ಳೆಯ ಮಾತುಗಳೇ. ಆದರೆ ಇವುಗಳ ಫಲ ಪಡೆಯಲು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು, ಸ್ಟಾಂಪು ಶುಲ್ಕ ಕಟ್ಟಬೇಕು, ವಕೀಲರನ್ನು ಹಿಡಿಯಬೇಕು. ಒಂದು ಸೀರೆಗಾಗಿ, ಒಂದು ಕಟ್ಟು ನೂಲಿಗಾಗಿ ಯಾರು ಹತ್ತಿಯಾರು?

ಇನ್ನೊಂದು ದಾರಿ ದಂಡನೆಯದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂತು; ಗಿರಣಿಯ ಬಟ್ಟೆಯ ಮೇಲೆ ಬೆಲೆಯ ಮುದ್ರೆ ಬಿದ್ದಿತು. 1954ರಲ್ಲಿ ಆಹಾರ ಕಲಬೆರಕೆಯ ವಿರುದ್ಧ ಕಾಯಿದೆಯಾಯಿತು, 1955ರಲ್ಲಿ ಅವಶ್ಯಕ ವಸ್ತುಗಳ ಕಾಯಿದೆ. ಇವೆಲ್ಲವುಗಳಲ್ಲಿ ಇನ್‌ಸ್ಪೆಕ್ಟರು ಬರುತ್ತಾನೆ, ಮೊಕದ್ದಮೆ ಹೂಡುತ್ತಾನೆ, ಅಪರಾಧ ಸಾಬೀತಾದರೆ ದಂಡ ಬೀಳುತ್ತದೆ. ಆ ದಂಡ ಹೋಗುವುದು ಎಲ್ಲಿಗೆ? ಸರಕಾರದ ಖಜಾನೆಗೆ. ಕೌಟಿಲ್ಯನ ಕಾಲದಲ್ಲಿ ರಾಜನ ಬೊಕ್ಕಸಕ್ಕೆ ಹೋದಂತೆಯೇ. ಕೆಟ್ಟ ಎಣ್ಣೆ ಕೊಂಡವನಿಗೆ ಅವನ ಹಣ ಮರಳಲಿಲ್ಲ. ‘ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ’ ಎಂಬ ನಮ್ಮ ಗಾದೆ ಸಾಲದ ಪ್ರಸಂಗಕ್ಕೆ ಹುಟ್ಟಿದ್ದಾದರೂ ಈ ಸ್ಥಿತಿಗೂ ಹೊಂದುತ್ತಿತ್ತು.

ಕೇಳುಗರೆ, 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯಿದೆಯ ಹೊಸತನವಿರುವುದು ಇಲ್ಲಿ. ಅದರ ಹಿಂದಿನ ವರ್ಷ, 1985ರ ಏಪ್ರಿಲಿನಲ್ಲಿ, ವಿಶ್ವಸಂಸ್ಥೆಯ ಮಹಾಸಭೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗಳನ್ನು ಅಂಗೀಕರಿಸಿತ್ತು. ಅಮೆರಿಕದ ಅಧ್ಯಕ್ಷ ಕೆನಡಿ 1962ರ ಮಾರ್ಚ್ 15ರಂದು ಕೊಳ್ಳುವವರ ನಾಲ್ಕು ಹಕ್ಕುಗಳನ್ನು ಹೇಳಿದ್ದು ಅದಕ್ಕೂ ಹಿಂದಿನ ಮಾತು. ನಮ್ಮ ಕಾಯಿದೆ ಹಕ್ಕುಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಜಿಲ್ಲೆಗೆ ಒಂದು ವೇದಿಕೆ, ರಾಜ್ಯಕ್ಕೆ ಒಂದು ಆಯೋಗ, ರಾಷ್ಟ್ರಕ್ಕೆ ಒಂದು ಆಯೋಗ ಎಂದು ಮೂರು ಅಂತಸ್ತಿನ ಕಟ್ಟಡವನ್ನು ಕಟ್ಟಿತು. ಗ್ರಾಹಕನು ತಾನೇ ಬರೆದು ದೂರು ಕೊಡಬಹುದು; ವಕೀಲರು ಬೇಕೇ ಬೇಕೆಂದಿಲ್ಲ; ಗೆದ್ದರೆ ವಸ್ತು ಬದಲಾಗಿ ಬರುತ್ತದೆ, ಇಲ್ಲವೆ ಹಣ ಬರುತ್ತದೆ, ಅನುಭವಿಸಿದ ನಷ್ಟಕ್ಕೆ ಪರಿಹಾರವೂ ಬರುತ್ತದೆ. ಬರುವುದು ಅವನ ಕೈಗೆ. ಜಿಲ್ಲಾ ವೇದಿಕೆ ಮೊದಲು ಒಂದು ಲಕ್ಷ ರೂಪಾಯಿವರೆಗಿನ ದೂರುಗಳನ್ನು ನೋಡುತ್ತಿತ್ತು. 1993ರಲ್ಲಿ ಅದು ಐದು ಲಕ್ಷವಾಯಿತು, 2003ರಲ್ಲಿ ಇಪ್ಪತ್ತು ಲಕ್ಷ. ಈಗ ಜಿಲ್ಲಾ ಆಯೋಗವೆಂದು ಹೆಸರು. 2021ರ ನಿಯಮದಂತೆ ಕೊಟ್ಟ ಬೆಲೆ ಐವತ್ತು ಲಕ್ಷ ಮೀರದ ದೂರುಗಳು ಅದರ ಮುಂದೆ ಬರುತ್ತವೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ.

ಹಾಗಾದರೆ ನಮ್ಮ ನೇಕಾರ? ಅವನಿಗೆ ಬಾಗಿಲಲ್ಲೇ ಒಂದು ತೊಡಕು ಎದುರಾಯಿತು. ಮತ್ತೆ ಮಾರುವುದಕ್ಕಾಗಿ ಅಥವಾ ‘ವಾಣಿಜ್ಯ ಉದ್ದೇಶ’ಕ್ಕಾಗಿ ಸರಕು ಕೊಂಡವನು ಗ್ರಾಹಕನಲ್ಲ ಎಂದು ಕಾಯಿದೆ ಹೇಳಿತ್ತು. ದೊಡ್ಡ ಕಂಪನಿಗಳ ಪರಸ್ಪರ ಜಗಳಗಳಿಂದ ಬಡವನ ವೇದಿಕೆ ತುಂಬಿಹೋಗಬಾರದೆಂಬ ಸದುದ್ದೇಶವೇ ಅದರ ಹಿಂದಿತ್ತೆನ್ನಬೇಕು. ಆದರೆ ಅಕ್ಷರಶಃ ಓದಿದರೆ ಹೊಲಿಗೆ ಯಂತ್ರ ಕೊಂಡ ವಿಧವೆಯೂ ಹೊರಗೆ, ಮಗ್ಗ ಕೊಂಡ ನೇಕಾರನೂ ಹೊರಗೆ. ಮನೆಗೆ ಫ್ಯಾನು ಕೊಂಡವನು ಗ್ರಾಹಕ. ಹೊಟ್ಟೆ ಹೊರೆಯಲು ಮಗ್ಗ ಕೊಂಡವನು ವ್ಯಾಪಾರಿ! ಫ್ಯಾನು ಕೆಟ್ಟರೆ ಬೆವರುತ್ತೇವೆ, ಮಗ್ಗ ಕೆಟ್ಟರೆ ಉಪವಾಸ.

1993ರ ಜೂನಿನಲ್ಲಿ ಈ ತೊಡಕನ್ನು ಬಿಡಿಸಲಾಯಿತು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸುವುದಕ್ಕಾಗಿಯೇ ಕೊಂಡು ತಾನೇ ಬಳಸುವ ಸರಕು ‘ವಾಣಿಜ್ಯ ಉದ್ದೇಶ’ದ್ದಲ್ಲ ಎಂಬ ವಿವರಣೆಯನ್ನು ಸೇರಿಸಿದರು. ಎರಡು ಸಾಲಿನ ಈ ವಿವರಣೆ ನನ್ನ ದೃಷ್ಟಿಯಲ್ಲಿ ಇಡೀ ಕಾಯಿದೆಯಲ್ಲೇ ನೇಕಾರರ ಊರುಗಳಿಗೆ ಅತಿ ಮುಖ್ಯವಾದ ಭಾಗ. 1995ರ ಏಪ್ರಿಲಿನಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದರ ಅರ್ಥವನ್ನು ಬಿಡಿಸಿ ಹೇಳಿತು. ಆ ಮೊಕದ್ದಮೆಯ ಯಂತ್ರ ದೊಡ್ಡ ಪ್ರಮಾಣದ ಉತ್ಪಾದನೆಯದಾದ್ದರಿಂದ ಕೊಂಡವರು ಸೋತರು. ಆದರೆ ತೀರ್ಪಿನಲ್ಲಿ ಬಂದ ಉದಾಹರಣೆಗಳು ಸಣ್ಣವರಿಗೆ ಬಲ ಕೊಟ್ಟವು. ಟೈಪ್‌ರೈಟರ್ ಕೊಂಡು ತಾನೇ ಟೈಪು ಮಾಡುವವನು, ಆಟೋರಿಕ್ಷಾ ಕೊಂಡು ತಾನೇ ಓಡಿಸುವವನು, ಲೇತು ಯಂತ್ರ ಕೊಂಡು ತಾನೇ ನಡೆಸುವವನು ಗ್ರಾಹಕರು. ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಅವರ ಗ್ರಾಹಕತ್ವ ಹೋಗುವುದಿಲ್ಲ. ಯಂತ್ರವನ್ನು ಬೇರೆಯವರಿಂದಲೇ ನಡೆಸಿ ಲಾಭ ಎಣಿಸುವವನು ಮಾತ್ರ ಹೊರಗೆ.

ಈ ಅಳತೆಗೋಲನ್ನು ನಮ್ಮ ಓಣಿಗೆ ತಂದು ನೋಡಿ. ಮನೆಯೊಳಗೆ ಒಂದು ಕುಣಿಮಗ್ಗ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ: ನಿಸ್ಸಂದೇಹವಾಗಿ ಗ್ರಾಹಕ. ಎರಡು ವಿದ್ಯುತ್ ಮಗ್ಗ, ಅಣ್ಣತಮ್ಮಂದಿರು, ಜೊತೆಗೊಬ್ಬ ಕೂಲಿಯವನು: ಆಗಲೂ ಗ್ರಾಹಕನೆಂದೇ ವಾದಿಸಬಹುದು. ಇಪ್ಪತ್ತು ಮಗ್ಗಗಳ ಶೆಡ್ಡಿನ ಯಜಮಾನ ಗ್ರಾಹಕನಲ್ಲ. ಅವನಿಗೆ ಸಿವಿಲ್ ಕೋರ್ಟಿದೆ. ನಡುವಿನ ನಾಲ್ಕು, ಆರು ಮಗ್ಗಗಳ ಮನೆಗಳಲ್ಲಿ ಯಜಮಾನನ ಕೈ ಲಾಳಿಯ ಮೇಲಿದೆಯೋ ಲೆಕ್ಕದ ಪುಸ್ತಕದ ಮೇಲಿದೆಯೋ ಎಂಬುದನ್ನು ನೋಡಿಯೇ ನಿರ್ಣಯಿಸಬೇಕಾಗುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಿಂದಲೋ ಸಾವುಕಾರನಿಂದಲೋ ನೂಲು ಪಡೆದು ನೇಯ್ದು ಕೂಲಿ ತೆಗೆದುಕೊಳ್ಳುವವನ ಮಾತು ಬೇರೆ. ಅವನು ಆ ನೂಲನ್ನು ಕೊಂಡವನೇ ಅಲ್ಲ.

ಮಗ್ಗಕ್ಕಿಂತ ನೂಲಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಹತ್ತಿನೂಲಿನ ನಯವನ್ನು ‘ಕೌಂಟಿ’ನಿಂದ ಅಳೆಯುತ್ತಾರೆ. 840 ವಾರ ಉದ್ದದ ಎಷ್ಟು ಲಡಿ ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅಷ್ಟು ಕೌಂಟು. ನಲವತ್ತರ ನೂಲಾದರೆ ಒಂದು ಪೌಂಡಿಗೆ 33,600 ವಾರ ಎಳೆ ಬರಬೇಕು. ಚೀಟಿಯಲ್ಲಿ ನಲವತ್ತೆಂದು ಬರೆದು ಮೂವತ್ತಾರರದನ್ನು ಕೊಟ್ಟರೆ ಬರುವುದು 30,240 ವಾರ. ತೂಕ ಸರಿಯಾಗಿದೆ, ತಕ್ಕಡಿ ಸುಳ್ಳು ಹೇಳುತ್ತಿಲ್ಲ. ಆದರೂ ಹತ್ತರಲ್ಲಿ ಒಂದು ಪಾಲು ಎಳೆ ಮಾಯವಾಗಿದೆ. ಕೈಗೆ ಅಷ್ಟಾಗಿ ತಿಳಿಯದ ಈ ಅಂತರ ಬೀಮು ಮುಗಿಯುವಾಗ, ಸೀರೆಗಳ ಲೆಕ್ಕ ತಪ್ಪಿದಾಗ ತಿಳಿಯುತ್ತದೆ. ಕೌಟಿಲ್ಯನ ಹತ್ತಕ್ಕೊಂದರ ಲೆಕ್ಕ ಇಲ್ಲಿ ತಲೆಕೆಳಗಾಗಿ ಬಂದಿದೆ. ದೂರಿದರೆ ಎದುರು ಪಕ್ಷದವರು, ನೂಲು ಸೀರೆಯಾಗಿ ಮಾರಾಟವಾಗುವ ವಸ್ತು, ಆದ್ದರಿಂದ ಇದು ಮರುಮಾರಾಟ ಎನ್ನಬಹುದು. ನೇಕಾರನು ನೂಲನ್ನು ನೂಲಾಗಿ ಮಾರುವುದಿಲ್ಲ, ತನ್ನ ದುಡಿಮೆಯಲ್ಲಿ ಬಳಸುತ್ತಾನೆ. 1993ರ ವಿವರಣೆಯ ಮಾತುಗಳು ಅವನಿಗೆ ಸಲ್ಲುತ್ತವೆ ಎಂದು ನಾನು ಓದುತ್ತೇನೆ. ಕೌಂಟು ಸರಿಯೇ ಎಂಬುದನ್ನು ಪ್ರಯೋಗಶಾಲೆಗೆ ಕಳಿಸಿ ಪರೀಕ್ಷಿಸುವ ಅಧಿಕಾರವಂತೂ ಆಯೋಗಕ್ಕೆ ಇದೆ.

ವಿದ್ಯುತ್ತಿನ ವಿಷಯದಲ್ಲಿ ಒಂದು ದೊಡ್ಡ ತೀರ್ಪು ನಮ್ಮ ನೆರೆಯ ಬೆಳಗಾವಿಯಿಂದಲೇ ಹೋದದ್ದು. ಅಶೋಕ್ ಐರನ್ ವರ್ಕ್ಸ್ ಎಂಬ ಕಾರಖಾನೆ, ಕೇಳಿದ ವಿದ್ಯುತ್ತನ್ನು ಕೊಡಲು ತಡಮಾಡಿದರೆಂದು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಮೇಲೆ ದೂರಿತು. ಕಂಪನಿಯು ಕಾಯಿದೆ ಹೇಳುವ ‘ವ್ಯಕ್ತಿ’ಯಲ್ಲ, ವಿದ್ಯುತ್ತು ಮಾರುವ ಸರಕೇ ಹೊರತು ಸೇವೆಯಲ್ಲ ಎಂಬ ವಾದಗಳು ಎದ್ದವು. 2009ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿತು: ಕಂಪನಿಯೂ ವ್ಯಕ್ತಿಯೇ, ವಿದ್ಯುತ್ ಪೂರೈಕೆ ಸೇವೆಯೇ. ಆ ಪ್ರಕರಣ 2003ಕ್ಕೆ ಮುಂಚಿನದು. 2003ರ ಮಾರ್ಚಿನಿಂದ ಸೇವೆಗಳಿಗೂ ವಾಣಿಜ್ಯದ ಬೇಲಿ ಬಿದ್ದಿದೆ. ಜೊತೆಗೇ ಸ್ವಯಂ ಉದ್ಯೋಗದ ವಿನಾಯಿತಿಯೂ ಸೇವೆಗಳಿಗೆ ವಿಸ್ತರಿಸಿದೆ. ಆದ್ದರಿಂದ ಎರಡು ಮಗ್ಗದ ಮನೆ ಇಲ್ಲಿಯೂ ಒಳಗೇ ಇದೆ.

ಇದುವರೆಗೆ ಕೊಳ್ಳುವ ನೇಕಾರನ ಮಾತಾಯಿತು. ಇನ್ನು ಅವನ ಸೀರೆಯನ್ನು ಕೊಳ್ಳುವ ಹೆಣ್ಣುಮಗಳ ಮಾತು. ನಮ್ಮ ಭಾಗದ ಹೆಮ್ಮೆಯಾದ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ತೋಪು ತೆನೆ. ಈಗ ಆ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಆದರೆ ಅಂಗಡಿಯಲ್ಲಿ ‘ಇಳಕಲ್’ ಎಂದು ಕೊಡುವುದರಲ್ಲಿ ಕೈಮಗ್ಗದ್ದೂ ಉಂಟು, ಯಂತ್ರದ್ದೂ ಉಂಟು; ರೇಷ್ಮೆಯ ಸೆರಗೂ ಉಂಟು, ಕೃತಕ ರೇಷ್ಮೆಯದೂ ಉಂಟು, ಪಾಲಿಯೆಸ್ಟರಿನದೂ ಉಂಟು. ಯಂತ್ರದ ಸೀರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬನಹಟ್ಟಿಯ ಎಷ್ಟೋ ಮನೆಗಳ ಒಲೆ ಉರಿಯುವುದು ವಿದ್ಯುತ್ ಮಗ್ಗದಿಂದ. ಅದನ್ನು ಅದರ ಹೆಸರಿನಿಂದಲೇ ಮಾರಬೇಕು, ಅಷ್ಟೆ.

1985ರಲ್ಲಿ ಪಾರ್ಲಿಮೆಂಟು ಕೈಮಗ್ಗಗಳಿಗೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ಮಾಡಿತು. ಮೊದಲು ಇಪ್ಪತ್ತೆರಡು ಬಗೆಗಳಿದ್ದವು. ಅವು ಹನ್ನೊಂದಕ್ಕೆ ಇಳಿದವು. ವಿದ್ಯುತ್ ಮಗ್ಗದವರ ಆಕ್ಷೇಪವನ್ನು ತಳ್ಳಿ 1993ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಅದು ಮತ್ತೆ ದಂಡನೆಯ ಕಾಯಿದೆ. ಮೋಸಹೋದ ಹೆಣ್ಣುಮಗಳಿಗೆ ಅದರಿಂದ ಏನೂ ಸಿಗದು. ಅವಳಿಗೆ ಸಿಗುವುದು ಗ್ರಾಹಕ ಕಾಯಿದೆಯಿಂದ: ಸರಕಿನ ಗುಣಮಟ್ಟ, ಪ್ರಮಾಣ, ಘಟಕಗಳ ಬಗ್ಗೆ ಸುಳ್ಳು ಹೇಳಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ರೇಷ್ಮೆಗೆ 2004ರಲ್ಲಿ, ಕೈಮಗ್ಗಕ್ಕೆ 2006ರಲ್ಲಿ ಬಂದ ಗುರುತಿನ ಚೀಟಿಗಳು ಅವಳಿಗೆ ಕಣ್ಣು ಕೊಡುತ್ತವೆ. ಚೀಟಿ ಇಲ್ಲದಿದ್ದರೆ ಅಜ್ಜಿಯರ ಪರೀಕ್ಷೆ ಇದ್ದೇ ಇದೆ: ಸೆರಗಿನ ತುದಿಯ ಒಂದೆರಡು ಎಳೆ ಸುಟ್ಟು ನೋಡುವುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯೂ ಕೃತಕ ರೇಷ್ಮೆಯೂ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಆಕೆ ಸುಳ್ಳು ಸೀರೆಯನ್ನು ಹಿಂದಕ್ಕೆ ಕೊಟ್ಟಾಗಲೆಲ್ಲ ಕುಣಿಮಗ್ಗದವನ ಒಂದು ಸೀರೆಗೆ ಪೇಟೆಯಲ್ಲಿ ಜಾಗವಾಗುತ್ತದೆ. ಗ್ರಾಹಕರ ಕಾನೂನೆಂದರೆ ತಮ್ಮ ಮೇಲೆ ಬೀಸುವ ಚಾಟಿಯೆಂದು ಭಾವಿಸಿದ ನೇಕಾರ ಬಂಧುಗಳು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

2019ರಲ್ಲಿ ಹಳೆಯ ಕಾಯಿದೆ ಹೋಗಿ ಹೊಸದು ಬಂತು. 2020ರ ಜುಲೈ 20ರಿಂದ ಜಾರಿಯಾಯಿತು. ದಾರಿತಪ್ಪಿಸುವ ಜಾಹೀರಾತುಗಳಿಗೆ ದಂಡ ಹಾಕುವ ಕೇಂದ್ರ ಪ್ರಾಧಿಕಾರ, ಆನ್‌ಲೈನ್ ಖರೀದಿಯ ರಕ್ಷಣೆ ಮುಂತಾದವನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನಮ್ಮಂಥ ಊರಿಗೆ ದೊಡ್ಡ ಲಾಭ ಬೇರೊಂದು. ಮೊದಲು, ಮಾರಿದವನು ಇದ್ದಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರಬೇಕಿತ್ತು. ಇಚಲಕರಂಜಿಯಿಂದಲೋ ಸೂರತ್ತಿನಿಂದಲೋ ತಂದ ಮೋಟಾರು ಕೆಟ್ಟರೆ ಅಲ್ಲಿಗೇ ಹೋಗಬೇಕಾದೀತೆಂಬ ಭಯಕ್ಕೆ ಎಷ್ಟೋ ಜನ ಕೈಚೆಲ್ಲುತ್ತಿದ್ದರು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರಬಹುದು. ರಬಕವಿಯವನಿಗೆ ಬಾಗಲಕೋಟೆ ಸಾಕು. ಇನ್ನೆರಡು ಸಣ್ಣ ಮಾತುಗಳೂ ಹೊಸ ಕಾಯಿದೆಯಲ್ಲಿವೆ. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ತೆಗೆದುಕೊಳ್ಳದಿರುವುದೂ ಹಾಗೆಯೇ. ‘ಮಾರಿದ ಸರಕನ್ನು ಹಿಂದೆ ಪಡೆಯಲಾಗುವುದಿಲ್ಲ’ ಎಂಬ ಬೋರ್ಡು ದೋಷವಿರುವ ಸರಕಿನ ಮಟ್ಟಿಗೆ ಈಗ ಗೋಡೆಯ ಅಲಂಕಾರ ಮಾತ್ರ.

ಎಲ್ಲವೂ ಚೆನ್ನಾಗಿದೆಯೆಂದು ಹೇಳಲಾರೆ. ಎದುರುದಾರನಿಗೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪ್ರಯೋಗಶಾಲೆಯ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಆ ಗಡುವು ಕಾಗದದ ಮೇಲೇ ಉಳಿಯುವುದು ಹೆಚ್ಚು. ನೇಕಾರನಿಗೆ ಇನ್ನೂ ದೊಡ್ಡ ಅಡ್ಡಿ ಉದ್ದರಿ. ನೂಲು ತರುವುದು ಸಾಲದ ಮೇಲೆ. ಲೆಕ್ಕ ಸಾವುಕಾರನ ಪುಸ್ತಕದಲ್ಲಿ. ನೇಕಾರನ ಕೈಯಲ್ಲಿ ಒಂದು ಚಿಕ್ಕ ಚೀಟಿ, ಅದೂ ಇದ್ದರೆ. ನಾಳೆಯ ನೂಲಿಗೂ ಅದೇ ಅಂಗಡಿಗೆ ಹೋಗಬೇಕಾದವನು ಇವತ್ತಿನ ನೂಲಿನ ಮೇಲೆ ದೂರು ಬರೆಯುವುದು ಹೇಗೆ? ದೂರುವುದಕ್ಕೆ ಎರಡು ವರ್ಷ ಅವಕಾಶವಿದ್ದರೂ ಆ ಎರಡು ವರ್ಷ ಕಳೆಯುವುದು ಸಾಲ ತೀರಿಸುವುದರಲ್ಲೇ.

ಅದಕ್ಕೇ ನಾನು ಪರಿಚಯದ ನೇಕಾರರಿಗೆ ಹೇಳುವುದು ಇಷ್ಟೆ: ಕಟ್ಟು ಬಿಚ್ಚುವಾಗ ಅದರ ಮೇಲಿನ ಚೀಟಿಯನ್ನು ಹರಿದು ಒಲೆಗೆ ಹಾಕಬೇಡಿ. ಗಿರಣಿಯ ಹೆಸರು, ಕೌಂಟು, ತೂಕ ಅದರಲ್ಲಿರುತ್ತವೆ. ಒಂದು ಲಡಿಯನ್ನು ನೇಯದೆ ಚೀಟಿಯೊಂದಿಗೆ ಎತ್ತಿಡಿ. ಕೊಂಡ ತಾರೀಖನ್ನು ಅದರ ಬೆನ್ನ ಮೇಲೆ ಬರೆದಿಡಿ. ಕಟ್ಟಿನ ಮೇಲೆ ನೂತ ಗಿರಣಿಯ ಹೆಸರಿರುತ್ತದೆ. ಅದೇ ನೂಲು ಸೀರೆಯಾಗಿ ಮನೆಯಿಂದ ಹೊರಡುವಾಗ ಅದರ ಮೇಲೆ ಬೀಳುವುದು ಸಾಮಾನ್ಯವಾಗಿ ಅಂಗಡಿಯ ಮುದ್ರೆ. ನೇಯ್ದವನ ಹೆಸರಿಗೆ ಇನ್ನೂ ಅಲ್ಲಿ ಜಾಗವಾಗಿಲ್ಲ.